ಕಂಬದ ಬುಡದ ಎಲೆ

ಅಡ್ಯಾರಿನ ಹದಿನಾಲ್ಕು ಮಹಡಿಯ ಕಟ್ಟಡವೊಂದು ಭೂಕಂಪಕ್ಕೆ ಜಗ್ಗದಂತೆ ಅದರ ಅಡಿಪಾಯವನ್ನು ಬಲಪಡಿಸುವ ಕೆಲಸ ನನ್ನದು. ನೆಲಮಾಳಿಗೆಯಲ್ಲಿ, ಅಗೆಯಬೇಕಿದ್ದ ಕಂಬದ ಬುಡದಲ್ಲಿ, ಬಾಳೆಎಲೆಯ ಮೇಲೆ ಊಟ ಬಡಿಸಿತ್ತು. ಇಂಜಿನಿಯರಿಗೇ ಇರಬೇಕೆಂದು ಪೂರ್ತಿ ಉಂಡೆ.

ಮೇಲಿನ ಹೋಟೆಲಿನ ಐತಣ್ಣ ಬಿದ್ದು ಬಿದ್ದು ನಕ್ಕರು. “ಅದು ನಿಮಗಲ್ಲ ಮಾರಾಯ್ರೆ, ಈ ಜಾಗ ಕಾಯುವ ಭೂತಕ್ಕೆ ಇಟ್ಟದ್ದು. ಅದು ಉಣ್ಣದೆ ಅಗೆಯುವುದು ಬೇಡ. ನಾಳೆ ಎರಡು ಎಲೆ ಹಾಕುವ.”

ಮರುದಿನ ಮಧ್ಯಾಹ್ನ ಕಂಬಕ್ಕೆ ತಾಗಿಸಿ ಒಂದೆಲೆ, ಎದುರಿಗೆ ನನ್ನದು. ಮೇ ತಿಂಗಳ ಸೆಕೆಯಲ್ಲೂ ಆ ಕಂಬ ಮಣ್ಣಿನ ಹೂಜಿಯಂತೆ ತಣ್ಣಗಿತ್ತು. ನಾನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಕಂಬದ ಬುಡದ ಎಲೆಯಲ್ಲಿ ಪಾಯಸವೂ ಉಳಿದಿರಲಿಲ್ಲ.

“ಬೆಕ್ಕಿರಬೇಕು” ಎಂದೆ.

ಐತಣ್ಣ ಈ ಸಲ ನಗದೆ ಎಲೆಯತ್ತ ಕೈ ತೋರಿಸಿದರು. ಉಂಡವರು ಎಲೆಯನ್ನು ತಮ್ಮ ಕಡೆಗೆ ಮಡಚುತ್ತಾರೆ. ಆ ಎಲೆ ಕಂಬದ ಕಡೆಗೆ ನೀಟಾಗಿ ಮಡಚಿತ್ತು.