ಜೊಂಡಿನೊಳಗಿನ ಜಾಗ

ದೋಣಿಯವನು ಒದ್ದೆ ಕಾಲಲ್ಲೇ ಅವಳ ಆಫೀಸಿಗೆ ಬಂದು, ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟ. ಒಳಗೆ ಒಡೆದ ಮೊಟ್ಟೆಯ ಚಿಪ್ಪುಗಳಿದ್ದವು. ಹದಿನೇಳು ಗೂಡುಗಳಲ್ಲಿ ಒಂದೂ ಉಳಿದಿಲ್ಲವೆಂದ.

ಕೆರೆಯ ಪ್ರವಾಸೋದ್ಯಮ ಯೋಜನೆ ಬರೆಯಲು ಅವಳು ಬಂದು ಎಂಟು ತಿಂಗಳಾಗಿತ್ತು. ಕೆರೆ ಕೆಡದಂತೆ ದಿನಕ್ಕೆ ಎಷ್ಟು ಜನ ಬರಬಹುದೆಂದು ಹೇಳುವುದು ಅವಳ ಕೆಲಸ. ದಡದಲ್ಲಿ ಕೂತು ಬಂದವರನ್ನು ಎಣಿಸುತ್ತಿದ್ದರೆ, ತನ್ನನ್ನೂ ಸೇರಿಸಿಕೊಂಡಿರಾ ಎಂದು ಅವನು ಕೆಣಕುತ್ತಿದ್ದ. ಹುಟ್ಟು ಹಾಕುತ್ತಾ ಓರೆಗಣ್ಣಲ್ಲಿ ನೋಡುವನು. ಸಿಕ್ಕಿಬಿದ್ದರೆ ಮೋಡ ನೋಡುವನು. ಎಣಿಕೆ ತಪ್ಪಿ ಅವಳು ಮತ್ತೆ ಒಂದರಿಂದ ಶುರುಮಾಡುವಳು.

ಒಂದು ಬೆಳಗ್ಗೆ ಅವಳನ್ನು ಜೊಂಡಿನೊಳಕ್ಕೆ ಕರೆದೊಯ್ದ. ಅಪ್ಪ ಅವನೊಬ್ಬನಿಗೇ ತೋರಿಸಿದ್ದ ದಾರಿ ಅದು. ಹಕ್ಕಿಗಳು ಗೂಡು ಕಟ್ಟುವ ಆ ಜಾಗದಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಅವನು ಬೆರಳು ಮಡಚುತ್ತಾ ಗೂಡುಗಳನ್ನು ಎಣಿಸಿ ತೋರಿಸಿದ್ದ, ಹದಿನೇಳು.

ಅವಳು ಆ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಗೆರೆ ಸುತ್ತಿ, 'ಹಕ್ಕಿಗಳ ಗೂಡು, ಪ್ರವೇಶವಿಲ್ಲ' ಎಂದು ಬರೆದಳು. ಕರಡನ್ನು ಜನರ ಅಭಿಪ್ರಾಯಕ್ಕೆ ಇಡಬೇಕೆಂಬುದು ನಿಯಮ. ದೋಣಿಕಟ್ಟೆಯಲ್ಲಿ ನಕ್ಷೆಯನ್ನು ತಾನೇ ಅಂಟಿಸಿದಳು. ಬಂದವರು ಅದರ ಫೋಟೋ ತೆಗೆದುಕೊಂಡು ನೆಟ್ಟಗೆ ಅಲ್ಲಿಗೇ ಹೋದರು. ಎರಡು ಭಾನುವಾರ ಸಾಕಾಯಿತು.

"ಆ ಜಾಗ ತೋರಿಸಿದ್ದು ನಿಮ್ಮ ಪ್ಲಾನಿಗಲ್ಲ ಮೇಡಂ," ಎಂದ ಅವನು ಮೇಜಿನಾಚೆಯಿಂದ.

"ನಂಗೊತ್ತು."

"ಗೊತ್ತಿದ್ದೂ ಬರೆದ್ರಾ?"

ಅವಳು ಬರೆದದ್ದು ಕಾಪಾಡಲೆಂದೇ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಾಗಿತ್ತು. ಯೋಜನೆಯ ಹಾಳೆ ತೆಗೆದು, ದಿನಕ್ಕೆ ನೂರಿಪ್ಪತ್ತು ಜನ ಎಂದಿದ್ದಲ್ಲಿ ಗೀಟು ಎಳೆದು ಸೊನ್ನೆ ಬರೆದಳು. ಐದು ವರ್ಷ ಯಾವ ದೋಣಿಯೂ ನೀರಿಗಿಳಿಯಕೂಡದು ಎಂದು ಕೆಳಗೆ ಸೇರಿಸಿದಳು.

ಅವನು ಬಗ್ಗಿ ಓದಿದ. "ನನ್ನದೂ?"

"ನಿಮ್ಮದೂ."

ಅವನು ತಲೆಯಾಡಿಸಿದ. ಬಂದರಿನಲ್ಲಿ ಭಾವನ ಮೀನುದೋಣಿ ಇದೆ, ಅಲ್ಲಿಗೆ ಹೋಗುತ್ತೇನೆಂದ. ಆಮೇಲೆ ಚಿಪ್ಪುಗಳನ್ನು ನೋಡುತ್ತಾ, "ಅಮ್ಮನಿಗೆ ನಿಮ್ಮ ವಿಷಯ ಹೇಳಿಟ್ಟಿದ್ದೆ," ಎಂದ.

ಮೇಜಿನ ಮೇಲೆ ಅವನ ಕೈ ಒಂದು ಗಳಿಗೆ ಅವಳ ಕೈಯ ಮೇಲಿತ್ತು. ಹಿಡಿಯಲಿಲ್ಲ.

"ಐದು ವರ್ಷ ಆದ್ಮೇಲೆ ಬರ್ತೀರಾ?"

"ಬರ್ತೀನಿ. ಹಕ್ಕಿ ವಾಪಸ್ ಬಂದಿದ್ರೆ ಒಬ್ಬನೇ ನೋಡ್ತೀನಿ." ಎದ್ದು ಬಾಗಿಲವರೆಗೆ ಹೋಗಿ ನಿಂತ. "ಬಂದಿವೆ ಅಂತ ನಿಮಗೆ ಹೇಳಲ್ಲ."

"ಹೇಳ್ಬೇಡಿ," ಎಂದಳು.