ಬಾಳವ್ವನ ಆಯಾ

"ಯಾರು ನೀನು? ನಮ್ಮ ಮನ್ಯಾಗ ನಿನಗೇನು ಕೆಲಸ?"

ಕಿಟಕಿಯ ಸರಳುಗಳ ಹಿಂದೆ ನಿಂತು ಬಾಳವ್ವ ಕೇಳುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಕಾಯಿಪಲ್ಲೆಯ ಚೀಲ ಹಿಡಿದು ನಿಂತಿದ್ದ ದಾಕ್ಷಾಯಿಣಿ ಇಪ್ಪತ್ತು ವರ್ಷಗಳಿಂದ ಆ ಮನೆಯ ಸೊಸೆ. ಅವಳು ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು. ಹೀಗೆ ಮೊದಲೂ ಆಗಿತ್ತು. ಪುಸಲಾಯಿಸಿದರೆ ಸ್ವಲ್ಪ ಹೊತ್ತಿನ ಮೇಲೆ ತೆಗೆಯುತ್ತಿದ್ದಳು. ಆದರೆ ಇವತ್ತು ಕಿಟಕಿಯ ಹತ್ತಿರ ಬಂದ ದಾಕ್ಷಾಯಿಣಿಯ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ಒಳಗೆ ನಡುಮನೆಯಲ್ಲಿ ಮಗಳು ಗೀತಾಂಜಲಿ ಜ್ವರದ ಗುಳಿಗೆ ನುಂಗಿ ಮಲಗಿದ್ದಳು...

"ಅತ್ತೀ, ನಾನರಿ, ದಾಕ್ಷಾಯಿಣಿ. ಬಾಗಲಾ ತಗೀರಿ. ಒಳಗ ಹುಡುಗಿ ಮಲಗ್ಯಾಳ್ರಿ."

"ನಮ್ಮ ಮನ್ಯಾಗ ಯಾವ ಹುಡುಗೀನೂ ಇಲ್ಲ. ನಡಿ ನೀ."

ಚೀಲ ಅಲ್ಲಿಯೇ ಬಿಟ್ಟು ದಾಕ್ಷಾಯಿಣಿ ಪಕ್ಕದ ಮನೆಗೆ ಓಡಿದಳು. ಬಡಿಗತನ ಮಾಡುವ ಮಕಬೂಲಸಾಬ ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದದ್ದು ಅವಳ ಪುಣ್ಯ. ಅವನು ಹಿತ್ತಲ ಬಾಗಿಲು ಒಡೆದು, ಮೂಗಿಗೆ ವಸ್ತ್ರ ಒತ್ತಿಕೊಂಡು ಒಳಗೆ ನುಗ್ಗಿ, ಬಾಳವ್ವ ತಿರುವಿಟ್ಟು ಮರೆತಿದ್ದ ಗ್ಯಾಸು ಬಂದ್ ಮಾಡಿ, ಎಚ್ಚರವಿಲ್ಲದ ಹುಡುಗಿಯನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿದ. ದಾಕ್ಷಾಯಿಣಿ ಮಗಳ ಕೆನ್ನೆ ತಟ್ಟಿದಳು, ಮುಖಕ್ಕೆ ನೀರು ಹೊಡೆದಳು, ಹೆಸರು ಹಿಡಿದು ಕೂಗಿದಳು. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಕೆಮ್ಮಿ ವಾಂತಿ ಮಾಡಿಕೊಂಡಾಗ ತಾಯಿಗೆ ಹೋದ ಜೀವ ಬಂದಂತಾಯಿತು. ಬಾಳವ್ವ ಅಲ್ಲಿಗೇ ಬಂದು ಬಗ್ಗಿ ನೋಡಿ, "ಪಾಪ, ಯಾರ ಮಗಳವ್ವಾ ಇಕಿ?" ಎಂದಳು.

ಆವರೆಗೆ ತಾಯಿಯನ್ನು ಹೊರಗೆ ಕಳಿಸುವ ಮಾತನ್ನೇ ಆಡಗೊಡದಿದ್ದ ದಾಕ್ಷಾಯಿಣಿಯ ಗಂಡ ಗುರುಪಾದ, ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ತಲೆತಗ್ಗಿಸಿ ಕುಳಿತಿದ್ದವನು, ತಾನಾಗಿಯೇ ಹೇಳಿದ: "ಡಾಕ್ಟರು ಹೇಳಿದ ಆ ಜಾಗಾ ನೋಡೂಣು. ಇನ್ನ ಮನ್ಯಾಗ ಇಟ್ಕೊಳ್ಳೂದು ಆಗೂದಿಲ್ಲ."

ಅದು ಧಾರವಾಡದ ಹೊರಗೆ, ಮರೆವಿನ ರೋಗದ ಮುದುಕರನ್ನು ಹಗಲೂ ರಾತ್ರಿ ಇಟ್ಟುಕೊಂಡು ನೋಡಿಕೊಳ್ಳುವ ಒಂದು ಚಿಕ್ಕ ಆರೈಕೆ ಕೇಂದ್ರ. ಸುತ್ತಲೂ ಗೋಡೆ, ಅಂಗಳದಲ್ಲಿ ಎರಡು ಬೇವಿನ ಮರ, ಗೇಟಿಗೆ ಸದಾ ಕೀಲಿ. ನಡೆಸುವವರು ತ್ರ್ಯಂಬಕರಾಯರು, ನಿವೃತ್ತ ಕಂಪೌಂಡರು. ಒಳ್ಳೆಯ ಮನುಷ್ಯ, ಆದರೆ ಅವರೂ ಅಡಿಗೆಯವರಿಗೆ, ಆಯಾಗಳಿಗೆ ಪಗಾರ ಕೊಡಬೇಕಲ್ಲ! ಅವರು ಹೇಳಿದ ತಿಂಗಳ ಖರ್ಚು ಗುರುಪಾದನ ಪಗಾರದ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು. ಅವನು ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಮೇಲೆ ದುಡಿಯುವವನು. ಅಕ್ಕನನ್ನಾದರೂ ಕೇಳೋಣವೆಂದು ಗಂಡಹೆಂಡತಿ ಧಾರವಾಡದ ಸಪ್ತಾಪುರಕ್ಕೆ ಹೋದರು.

ಮಂದಾಕಿನಿಯ ಗಂಡ ಕಾಲೇಜಿನಲ್ಲಿ ಲೆಕ್ಚರರ್. ಸ್ವಂತ ಮನೆ, ಕೈತೋಟ. ಅವಳು ತಮ್ಮನಿಗೆ ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ನೋಡಿದ್ದು ಮಾತ್ರ ದಾಕ್ಷಾಯಿಣಿಯ ಕಡೆಗೆ.

"ಅವ್ವನ್ನ ಅಂಥಲ್ಲಿ ಇಟ್ರ ಮಂದಿ ಏನಂದಾರು? ಸೊಸಿ ಮನ್ಯಾಗ ಇದ್ದೂ ಅತ್ತೀನ ಆಶ್ರಮಕ್ಕ ಹಾಕಿದ್ರು ಅಂತಾರ. ಅದಕ್ಕ ನಾ ಒಂದು ಪೈಸಾನೂ ಕೊಡೂದಿಲ್ಲ ನೋಡು."

"ಹಂಗಾದ್ರ ನಾಕ ದಿನ ನೀವಾ ಇಟ್ಕೊಂಡು ನೋಡ್ರಿ, ಅಕ್ಕಾರ," ಎಂದಳು ದಾಕ್ಷಾಯಿಣಿ.

ಮಂದಾಕಿನಿ ಎದ್ದು ಕಪ್ಪುಬಸಿಗಳನ್ನು ಒಳಗೆ ಒಯ್ದಳು. ಮತ್ತೆ ಹೊರಗೆ ಬರಲಿಲ್ಲ.

ಬಾಳವ್ವನನ್ನು ಸೇರಿಸಿದ್ದಾಯಿತು. ಮೊದಲು ಗುರುಪಾದನ ಸ್ಕೂಟರು ಹೋಯಿತು, ಆಮೇಲೆ ದಾಕ್ಷಾಯಿಣಿಯ ತವರಿನ ಬಂಗಾರದ ಬಳೆ, ಪಾಟ್ಲಿಗಳು ಹೋದವು. ಅಷ್ಟರಲ್ಲಿ ವರ್ಕ್‌ಶಾಪಿಗೆ ಬರುವ ಕೆಲಸ ಕಡಿಮೆಯಾಗಿ ಮಾಲಕರು ಅರ್ಧ ಪಗಾರಕ್ಕೆ ಇಳಿಸಿದರು. ಕೇಂದ್ರದ ಹಣ ಬಾಕಿ ಬಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಗುರುಪಾದ ಮುಖ ಎತ್ತದೆ, "ಗೀತಾನ ಕಾಲೇಜು ಈ ವರ್ಷಕ್ಕ ಸಾಕು ಮಾಡೂಣು," ಎಂದ. ಗೀತಾಂಜಲಿ ರೊಟ್ಟಿ ಮುರಿಯುತ್ತಲೇ ಇದ್ದಳು. ಆದರೆ ತುತ್ತು ಬಾಯಿಗೆ ಹೋಗಲಿಲ್ಲ. ದಾಕ್ಷಾಯಿಣಿ ಅದನ್ನು ನೋಡಿದಳು.

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ತ್ರ್ಯಂಬಕರಾಯರ ಮುಂದೆ ಹೋಗಿ ನಿಂತಳು.

"ನಿಮಗ ಹೆಣಮಕ್ಕಳು ಕೆಲಸಕ್ಕ ಸಿಗವಲ್ಲರು ಅಂದಿದ್ರಿ. ನಾ ಮಾಡತೇನ್ರಿ. ನನಗ ಪಗಾರ ಬ್ಯಾಡ, ನಮ್ಮ ಅತ್ತಿ ಖರ್ಚಿಗೆ ಹಿಡಕೊಳ್ರಿ."

"ಬಳಿಯೂದು, ತೊಳಿಯೂದು ಇರತೈತವ್ವಾ. ನಿಮ್ಮೊಬ್ಬರ ಅತ್ತೀದಷ್ಟ ಅಲ್ಲ, ಎಲ್ಲಾರದೂ."

"ಇರಲಿ ಬಿಡ್ರಿ."

ಗುರುಪಾದ ಕೇಳಿ ಸಿಟ್ಟಾದ, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ. ಅವಳು ಮಾತ್ರ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದಿಟ್ಟು ಹೊರಡತೊಡಗಿದಳು.

ಆಯಾಗಳಿಗೆಲ್ಲ ನೀಲಿ ಸೀರೆ. ಅದನ್ನು ಉಟ್ಟು ಮೊದಲ ದಿನ ಬಾಳವ್ವನ ಮಂಚದ ಹತ್ತಿರ ಹೋದಾಗ ದಾಕ್ಷಾಯಿಣಿ ಎರಡು ಹೆಜ್ಜೆ ದೂರವೇ ನಿಂತಳು. ಎಲ್ಲರ ಮುಂದೆ ಕಳ್ಳಿ ಅನ್ನುತ್ತಾಳೋ, ನೂಕುತ್ತಾಳೋ... ಬಾಳವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಸದಾಗಿ ಬಂದೀರೇನವ್ವಾ? ಊಟಾ ಆತೇನು?"

ದಾಕ್ಷಾಯಿಣಿ ಕೈಯಲ್ಲಿಯ ಬಟ್ಟಲನ್ನು ಕೆಳಗಿಟ್ಟಳು. ಈ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಆ ಬಾಯಿ ಒಮ್ಮೆಯೂ ಕೇಳಿರಲಿಲ್ಲ. ಹೆರಿಗೆಯಾಗಿ ಹೆಣ್ಣು ಹುಟ್ಟಿತೆಂದು ಬಾಣಂತಿಗೆ ತಣ್ಣನೆಯ ಅಂಬಲಿ ಇಟ್ಟು ಹೋದ ಕೈ ಅದು. ಈಗ ಅದೇ ಕೈ ತಟ್ಟೆಯಲ್ಲಿಯ ಬಾಳೆಹಣ್ಣನ್ನು ಅರ್ಧ ಮುರಿದು ಅವಳಿಗೆ ಚಾಚಿತ್ತು.

ದಿನಗಳು ಹೋದವು. ಬಾಳವ್ವನಿಗೆ ನೀಲಿ ಸೀರೆಯ ಈ ಹೆಂಗಸೆಂದರೆ ಜೀವ. ಬೇರೆ ಯಾರು ಎಣ್ಣೆ ಹಚ್ಚಲು ಬಂದರೂ ತಲೆ ಕೊಡಳು. ಯಾರೆಂದು ಕೇಳಿದರೆ, "ಯಾರೋ ಪಾಪ, ಛಲೋ ಮನಿತನದಾಕಿ," ಅನ್ನುವಳು. ದಾಕ್ಷಾಯಿಣಿಗೆ ಅದು ಸಮಾಧಾನವನ್ನೇನೂ ತರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಒಳಗೊಳಗೇ ಕುದಿಯುತ್ತಿದ್ದಳು. ಗುರುತಿಲ್ಲದ ಆಯಾಳ ಮೇಲೆ ಇಷ್ಟು ಪ್ರೀತಿ ಇತ್ತೆಂದರೆ, ಮನೆಗೆ ಬಂದ ಹುಡುಗಿ ಏನು ಪಾಪ ಮಾಡಿದ್ದಳು?

ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತ ಬಾಳವ್ವ ಕೇಳಿದಳು: "ನಿನಗ ಅತ್ತಿ ಅದಾಳೇನವ್ವಾ?"

"ಅದಾರ್ರಿ."

"ಛಲೋತ್ನ್ಯಾಗ ನೋಡ್ಕೋತಾಳೇನು?"

ದಾಕ್ಷಾಯಿಣಿಯ ಹಣಿಗೆ ಕೂದಲಲ್ಲಿಯೇ ನಿಂತಿತು. ಇಷ್ಟು ವರ್ಷ ಗಂಡನ ಮುಂದೆಯೂ ಆಡದ ಮಾತು ಬಾಯಿಗೆ ಬಂತು.

"ಇಲ್ಲರಿ," ಎಂದಳು. "ನನ್ನ ಮದುವಿ ಆದ ಮರುವರ್ಷ ನಮ್ಮ ನಾದಿನಿ ಬಸರಿದ್ರು, ಅವರ ಕುಬಸ ಇತ್ತು. ಮನಿ ತುಂಬ ಬೀಗರು. ನಸಿಕ್ಲೆ ನಮ್ಮ ತವರೂರು ಸುಳ್ಳದಿಂದ ಒಬ್ಬಾಂವ ಬಂದು, ನಮ್ಮ ಅಪ್ಪಾ ತೀರಿಕೊಂಡ ಸುದ್ದಿ ಬಾಗಲದಾಗ ನಿಂತು ನಮ್ಮ ಅತ್ತಿಗೆ ಹೇಳಿ ಹೋದ. ಅವರು ನನಗ ಹೇಳಲಿಲ್ಲ. ಅಡಿಗಿಗೆ ಕೈ ಬೇಕಾಗಿದ್ವು. ನಾ ಹೋಳಗಿ ಮಾಡಿದೆ, ನೀಡಿದೆ, ಹಾಡು ಅಂದ್ರು, ಹಾಡಿದೆ. ಸಂಜಿಮುಂದ ಭಾಂಡೆ ತಿಕ್ಕಿದ ಮ್ಯಾಲೆ ಹೇಳಿದ್ರು. ನಾ ಊರ ಮುಟ್ಟೂದ್ರಾಗ ಮಣ್ಣು ಮಾಡಿ ಆಗಿತ್ತು. ನಮ್ಮ ಅಪ್ಪನ ಮಾರಿ ನಾ ನೋಡಲಿಲ್ಲರಿ..."

ಬಾಳವ್ವ ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಆ ಬತ್ತಿದ ಕಣ್ಣುಗಳಲ್ಲಿ ನೀರು ತುಂಬಿತ್ತು. ಸೊಸೆಯ ಎರಡೂ ಕೈ ಹಿಡಿದುಕೊಂಡು ಹೇಳಿದಳು:

"ಆಕಿ ಹಂಗ ಮಾಡಬಾರದಿತ್ತವ್ವಾ. ತಪ್ಪು ಮಾಡಿದ್ಲು. ಹೆತ್ತಪ್ಪನ ಮಾರಿ ತಪ್ಪಿಸೂದಂದ್ರ ಏನು... ಅಂಥಾಕಿ ಮನ್ಯಾಗ ನೀ ಇರಬ್ಯಾಡ. ಇಲ್ಲೇ ನನ್ನ ಹಂತ್ಯಾಕ ಇದ್ದುಬಿಡು."

ದಾಕ್ಷಾಯಿಣಿ ಅತ್ತೆಯ ಮಡಿಲಲ್ಲಿ ಮುಖ ಇಟ್ಟು ಅತ್ತುಬಿಟ್ಟಳು. ಅಂದು ಭಾಂಡೆಗಳ ನಡುವೆ ಕುಳಿತು ಅಳಲಾಗದ ಅಳುವೆಲ್ಲ ಈಗ ಬಂತು. ಬಾಳವ್ವ ಅವಳ ಬೆನ್ನು ಸವರುತ್ತ, "ಅಳಬ್ಯಾಡ ನನ್ನವ್ವಾ," ಎನ್ನುತ್ತಿದ್ದಳು.

ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು ಮಂದಾಕಿನಿ ನಿಂತಿದ್ದಳು. ತಾಯಿಯನ್ನು ಸೇರಿಸಿದ ಮೇಲೆ ಮೊದಲ ಸಲ ನೋಡಲು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಅವಳ ಮುಖ ಬಿಳುಪೇರಿತ್ತು. ದಾಕ್ಷಾಯಿಣಿ ಕಣ್ಣೊರೆಸಿಕೊಂಡು ಹೊರಗೆ ಬಂದಳು.

"ನನ್ನ ಕುಬಸದ ದಿನಾ? ಖರೇನಾ, ನನಗ ಗೊತ್ತಿದ್ದಿಲ್ಲ ದಾಕ್ಷಾಯಿಣಿ."

"ಗೊತ್ತಿದ್ರ ಏನ ಮಾಡ್ತಿದ್ರಿ, ಅಕ್ಕಾರ?"

ಮಂದಾಕಿನಿ ಹಣ್ಣಿನ ಚೀಲವನ್ನು ಅವಳ ಕೈಗೆ ಕೊಟ್ಟಳು. ಬೇವಿನ ಮರದ ಕೆಳಗೆ ನಿಂತು, "ಅವ್ವಗ ಹೇಳಲೇನು? ಇಕಿನ ನಿನ್ನ ಸೊಸಿ, ನೀನ ಆ ಅತ್ತಿ ಅಂತ?" ಎಂದಳು.

"ಬ್ಯಾಡ್ರಿ. ಅಂಜತಾರ. ಇರೂ ಒಬ್ಬ ಗೆಳತೀನೂ ಹೋದಂಗ ಆಕ್ಕೈತಿ."

ಆ ದಿನವೇ ಮಂದಾಕಿನಿ ತ್ರ್ಯಂಬಕರಾಯರ ಕೋಣೆಗೆ ಹೋಗಿ ಬಾಕಿಯನ್ನೆಲ್ಲ ತೀರಿಸಿದಳು. ಮುಂದಿನ ಖರ್ಚೂ ತನ್ನದೇ ಎಂದಳು. ಹೋಗುವಾಗ ದಾಕ್ಷಾಯಿಣಿಯ ಹೆಗಲ ಮೇಲೊಮ್ಮೆ ಕೈಯಿಟ್ಟು ಗೇಟಿನ ಕಡೆಗೆ ನಡೆದಳು.

ಸಂಜೆ ಸುದ್ದಿ ಕೇಳಿ ಗುರುಪಾದನ ಹೆಗಲು ಹಗುರಾಯಿತು. ಗೀತಾಂಜಲಿ ಕಾಲೇಜು ಬಿಡಬೇಕಾಗಿಲ್ಲ. "ಇನ್ನ ನೀ ಹೋಗೂದು ಬ್ಯಾಡ. ನಾಳಿಂದ ಮನ್ಯಾಗ ಆರಾಮ ಇರು," ಎಂದ ಹೆಂಡತಿಗೆ.

ಮರುದಿನ ನಸುಕಿನಲ್ಲಿ ಅವನು ಏಳುವಷ್ಟರಲ್ಲಿ ದಾಕ್ಷಾಯಿಣಿ ರೊಟ್ಟಿ ಮುಗಿಸಿ, ನೀಲಿ ಸೀರೆ ಉಟ್ಟು, ಚಪ್ಪಲಿ ಮೆಟ್ಟುತ್ತಿದ್ದಳು.

"ಮತ್ಯಾಕ ಹೊಂಟಿ? ರೊಕ್ಕ ಅಕ್ಕ ಕೊಡತಾಳಲ್ಲ. ಜನುಮದಾಗ ಅವ್ವ ನಿನಗ ಒಂದು ಛಲೋ ಮಾತ ಆಡಲಿಲ್ಲ, ಆಕೀ ಸಲುವಾಗಿ ಇಷ್ಟ್ಯಾಕ?"

ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ಸೆರಗು ಸರಿಪಡಿಸಿಕೊಂಡಳು.

"ಈಗ ಆಡಾಕತ್ತಾರರಿ," ಎಂದಳು. "ಅದೂ ಎಷ್ಟು ದಿನಾನೋ... ಆಡೂತನಕಾ ಹೋಗಿ ಕೇಳಿ ಬರತೇನಿ."

ಧಾರವಾಡದ ಬಸ್ಸಿಗೆ ಹೊತ್ತಾಗಿತ್ತು. ಅವಳು ಲಗುಲಗು ಹೆಜ್ಜೆ ಹಾಕಿದಳು.