ಹೊಲಿಗೆ ಬಿಚ್ಚಿದ ಪುಸ್ತಕ

ಅಣ್ಣ ತಂಗಿಯ ಪುಸ್ತಕವನ್ನು ಅಳಿಸಿಹಾಕಿದ. ಅವಳು ಅದನ್ನು ಅರ್ಧ ಓದಿದ್ದಳು.

ವಸತಿಗೃಹದ ತಿಂಡಿಯ ಮೇಜಿನ ಮುಂದೆ ಕೂತು ಇ-ರೀಡರ್ ತೆರೆದರೆ ಅಲ್ಲಿ ಪುಸ್ತಕವೇ ಇಲ್ಲ. ಮುಖಪುಟವಿಲ್ಲ, ಅವಳು ಗೆರೆ ಎಳೆದಿಟ್ಟ ಸಾಲುಗಳಿಲ್ಲ. ನಿನ್ನೆ ಓದು ನಿಲ್ಲಿಸಿದಾಗ ಕಥೆಯ ದೋಣಿಯವಳು ದಡದಲ್ಲಿ ನಿಂತಿದ್ದಳು. ದೋಣಿ ಮಾರು, ನಾವು ಹೇಳಿದವನನ್ನು ಕಟ್ಟಿಕೋ ಎಂದು ಮನೆಯವರು ಸುತ್ತುಗಟ್ಟಿದ್ದರು. ಅವಳು ಏನೆಂದಳು?

"ನಾನೇ ತೆಗೆದೆ," ಅಂದ ಅಣ್ಣ, ಅತ್ತಿಗೆಯ ಪಕ್ಕ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ರಜಕ್ಕೆ ಬಂದಿರೋದು ತಲೆ ತಣ್ಣಗೆ ಮಾಡ್ಕೊಳ್ಳೋಕೆ ಪುಟ್ಟಿ, ಕೆಡಿಸ್ಕೊಳ್ಳೋಕಲ್ಲ."

ಪುಟ್ಟಿಗೆ ಮೂವತ್ತು ದಾಟಿತ್ತು. ಹಲ್ಲಿನ ಲ್ಯಾಬಿನಲ್ಲಿ ಅಚ್ಚು ಎರೆದು ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಅಪ್ಪ ಹೋದ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆ ಅವಳದಾಗಿತ್ತು. ಆ ಕೋಣೆಯ ಋಣ ಅವಳ ನಾಲಿಗೆಯ ಮೇಲೆ ಸದಾ ಕೂತಿರುತ್ತಿತ್ತು.

ಹೊರಡುವ ಮುಂಚೆ ಯಂತ್ರ ತಂದುಕೊಟ್ಟವನೂ ಅವನೇ. ಮಣಭಾರದ ಪುಸ್ತಕ ಯಾಕೆ ಹೊರ್ತೀಯ, ಇದರಲ್ಲಿ ಒಂದು ಕಪಾಟೇ ಇದೆ ಎಂದಿದ್ದ. ಅವಳು ನಂಬಿ, ಚೀಲದಲ್ಲಿಟ್ಟಿದ್ದ ಪುಸ್ತಕಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಳು. ಖಾತೆ ಮಾತ್ರ ಅವನ ಹೆಸರಿನಲ್ಲಿತ್ತು. ಅವಳು ಏನು ಓದಿದಳು, ಎಲ್ಲಿ ನಿಂತಳು, ಯಾವ ಸಾಲಿಗೆ ಗೆರೆ ಎಳೆದಳು... ಎಲ್ಲವೂ ಅವನ ಫೋನಿಗೆ ಬರುತ್ತಿತ್ತು. ಪ್ರೀತಿಯ ಹೆಸರಿನಲ್ಲಿ ನಡೆಯುವ ಸೆನ್ಸಾರಿಗೆ ಕತ್ತರಿಯ ಸದ್ದೂ ಇರುವುದಿಲ್ಲ.

ತನ್ನ ವ್ಯಾಪಾರದ ಪಾಲುದಾರನಿಗೆ ಅವಳನ್ನು ಕೊಡುವುದೆಂದು ಅಣ್ಣ ಮಾತಾಡಿ ಮುಗಿಸಿದ್ದ. ರಜೆ ಮುಗಿಯುವುದರೊಳಗೆ ಅವಳು ಹೂಂ ಅನ್ನಬೇಕಿತ್ತು. ಅಷ್ಟೇ ಬಾಕಿ.

ಅವಳು ಎದ್ದು ಸರೋವರದ ಕಡೆಯ ತೋಟಕ್ಕೆ ಹೋದಳು. ಅಲ್ಲಿ ಬೆಂಚಿನ ಮೇಲಿದ್ದವನೊಬ್ಬ ಆಗಷ್ಟೇ ಎದ್ದ. ಅವನ ಜೇಬಿನಿಂದ ತೆಳ್ಳನೆಯ ಹಾಳೆಗಳ ಮಡಿಕೆಯೊಂದು ಜಾರಿ ಅವಳ ಕಾಲ ಬಳಿ ಬಿತ್ತು. ಎತ್ತಿಕೊಂಡವಳ ಕಣ್ಣು ಮೊದಲ ಸಾಲಿಗೇ ಅಂಟಿತು.

ದೋಣಿಯವಳು. ಅದೇ ದೋಣಿಯವಳು!

ಅವನು ಕೈ ಚಾಚಿದ.

"ಕೊಡಲ್ಲ," ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಗಾಬರಿ. "ಅಂದ್ರೆ... ಓದಿ ಕೊಡ್ತೀನಿ."

ಅವನು ಅವಳ ಮುಖ ನೋಡಿದ. ನಗಲಿಲ್ಲ. "ಕಥೆಯಲ್ಲಿ ಎಲ್ಲಿದ್ದೀರ?"

"ಮನೆಯವರು ಸುತ್ತುಗಟ್ಟಿದಲ್ಲಿ."

"ಹಾಗಾದ್ರೆ ಇದಕ್ಕೆ ಹಿಂದಿನದು ಬೇಕು. ಇರಿ, ರೂಮಿಂದ ತರ್ತೀನಿ."

ಅವನು ಪುಸ್ತಕ ಕಟ್ಟುವವನು, ಬೈಂಡರ್. ದಬ್ಬಣ ಎಳೆದೆಳೆದು ಮಣಿಕಟ್ಟು ಊದಿಕೊಂಡು, ವೈದ್ಯರು ಬೈದ ಮೇಲೆ ರಜೆಗೆ ಬಂದಿದ್ದ. ಬೆನ್ನು ಹರಿದಿದ್ದ ತನ್ನ ಪುಸ್ತಕದ ಹೊಲಿಗೆ ಬಿಚ್ಚಿ, ಹದಿನಾರು ಪುಟಕ್ಕೊಂದರಂತೆ ಬೇರೆಯಾದ ಮಡಿಕೆಗಳನ್ನು ತಂದಿದ್ದ. ಅಚ್ಚಿನವರು ಅದನ್ನು ಫಾರಂ ಎನ್ನುತ್ತಾರಂತೆ. ದಿನಕ್ಕೊಂದು ಫಾರಂ ಜೇಬಿಗೆ, ಉಳಿದದ್ದು ರೂಮಿನಲ್ಲಿ. ವಾಪಸ್ ಹೋದ ಮೇಲೆ ಹೊಲಿದರಾಯಿತು ಎಂದ.

ಅಂದಿನಿಂದ ದಿನಾ ಮಧ್ಯಾಹ್ನ ಅದೇ ಬೆಂಚು. ಅವನು ಓದಿದ್ದು ಅವಳಿಗೆ, ಅವಳು ಓದಿದ್ದು ಮತ್ತೆ ಅವನಿಗೆ.

ಓದುವುದಾದರೂ ಹೇಗೆ? ಯಂತ್ರ ಮುಚ್ಚಿಟ್ಟರೆ ಅಣ್ಣನಿಗೆ ಗೊತ್ತಾಗುತ್ತದೆ. ಅದಕ್ಕೇ ಅವಳು ಎಡಗೈಯಲ್ಲಿ ಇ-ರೀಡರ್ ಹಿಡಿದು, ಅಣ್ಣ ತುಂಬಿಸಿಕೊಟ್ಟ 'ಯಶಸ್ಸಿನ ಗುಟ್ಟು' ಥರದ ಪುಸ್ತಕದ ಪುಟಗಳನ್ನು ಹೆಬ್ಬೆರಳಿನಿಂದ ಸುಮ್ಮನೆ ಸರಿಸುತ್ತ, ಬಲಗೈಯಲ್ಲಿ ಫಾರಂ ಓದುತ್ತಿದ್ದಳು. ಒಂದು ಕಿವಿ ಸದಾ ಹಿಂದಕ್ಕೆ. ತರಗೆಲೆ ಸದ್ದಾದರೂ ಬೆನ್ನು ಸೆಟೆಯುತ್ತಿತ್ತು.

"ಬಹಳ ಬೇಗ ಓದ್ತಿದ್ದೀಯಲ್ಲ ಪುಟ್ಟಿ," ಎಂದು ಅಣ್ಣ ಮೆಚ್ಚಿಕೊಂಡ ದಿನದಿಂದ ಅವಳು ಪುಟ ಸರಿಸುವುದನ್ನು ನಿಧಾನ ಮಾಡಿದಳು.

ಈ ಯಂತ್ರವನ್ನೇ ಕೆರೆಗೆ ಎಸೀಬೇಕು ಎಂದು ಅವಳೊಮ್ಮೆ ಬೈಂಡರನ ಮುಂದೆ ಸಿಡಿದಳು. ತನ್ನ ಅಮ್ಮ ಈಗ ಓದುವುದು ಅಂಥದರಲ್ಲೇ, ಅಕ್ಷರ ಹಿಗ್ಗಿಸಿಕೊಂಡು ಎಂದು ಅವನು ಹೇಳಿದ. ಅವಳಿಗೂ ಅತ್ತಿಗೆ ನೆನಪಾದಳು. ಕಣ್ಣು ಮಂಜಾದ ಅತ್ತಿಗೆ ತನಗೂ ಒಂದು ಇ-ರೀಡರ್ ಬಂದ ಮೇಲೆಯೇ ಮತ್ತೆ ಓದಲು ಹಿಡಿದಿದ್ದಳು.

"ಅದರ ತಪ್ಪೇನಿದೆ ಹೇಳಿ," ಅಂದ ಬೈಂಡರ್. "ಯಾರು ಎಲ್ಲಿವರೆಗೆ ಓದ್ಬೇಕು ಅಂತ ಇನ್ನೊಬ್ಬ ಕೂತು ಹೇಳ್ತಾನಲ್ಲ, ಅದು ತಪ್ಪು."

ಆ ಮಾತಿಗೆ ಅವಳು ಸೋತಳು. ಅದೇ ಸಂಜೆ ಮದುವೆಯ ವಿಷಯವನ್ನೂ ಅವನಿಗೆ ಹೇಳಿದಳು. ಅವನು ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೀರು ನೋಡುತ್ತ ಕೂತ.

ರಜೆ ಮುಗಿಯುವ ಹಿಂದಿನ ದಿನ ಕಿಟಕಿಯಿಂದ ಅವಳು ಕಂಡದ್ದು ಬೇರೆ. ಕಾರಿನ ಬಳಿ ಅಣ್ಣ ಬೈಂಡರನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದ, ಬೈಂಡರ್ ತಲೆಯಾಡಿಸುತ್ತಿದ್ದ.

ಅಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ. ಕೊನೆಯ ಫಾರಂ ಊರಿನ ತನ್ನ ಅಂಗಡಿಯಲ್ಲೇ ಉಳಿದುಹೋಗಿದೆ ಎಂದ. ಅವಳ ಕಣ್ಣು ನೋಡದೆ ಎಂದ.

ಇವನೂ ಹಾಗೇನಾ? ಇಬ್ಬರೂ ಕೂಡಿ ಮಾಡಿದ್ದಾ? ಕೋಣೆಯಲ್ಲಿ ಅತ್ತಿಗೆ ಬಟ್ಟೆ ಮಡಚುತ್ತ, ನಿನ್ನ ಬೈಂಡರ್ ಬೆಳಿಗ್ಗೆ ಜಗಲಿಯಲ್ಲಿ ಕೂತು ಏನೋ ಓದುತ್ತಿದ್ದ, ಮುಖ ಸತ್ತ ಮನೆಯ ಹಾಗಿತ್ತು ಎಂದಳು. "ಕೊನೇಲಿ 'ಮುಗಿಯಿತು' ಅಂತ ದಪ್ಪಕ್ಷರ. ನನ್ನ ಕುರುಡುಗಣ್ಣಿಗೇ ಕಾಣಿಸ್ತು ಅಂದ್ಮೇಲೆ ನೋಡು."

ಮರುದಿನ ಬೆಳಿಗ್ಗೆ ಅಣ್ಣ ಕಾರಿಗೆ ಸಾಮಾನು ತುಂಬುತ್ತಿರುವಾಗ ಅವಳು ನೇರ ಬೆಂಚಿನ ಬಳಿ ಹೋದಳು. ಅವನು ಅಲ್ಲೇ ಇದ್ದ.

"ಅಣ್ಣ ಕೊಡಬೇಡ ಅಂದ್ನಾ?"

"ಅಂದ್ರು. ನಾವಿಲ್ಲಿ ಓದೋದನ್ನ ನೋಡಿದ್ರಂತೆ. ತಲೆಯಾಡಿಸಿ ಎಲ್ಲ ಕೇಳಿಸ್ಕೊಂಡೆ, ಆಮೇಲೆ ಆಗಲ್ಲ ಅಂದೆ."

"ಮತ್ತೆ ಯಾಕೆ ಬಚ್ಚಿಟ್ರಿ?"

"ಕೊನೆಯ ಫಾರಂ ನಿನ್ನೆ ಬೆಳಿಗ್ಗೆನೇ ಓದಿದ್ದೆ. ಅದನ್ನ ಓದಿ ನೀವು ಮದುವೆಗೆ ಹೂಂ ಅಂದುಬಿಟ್ರೆ ಅಂತ... ಭಯ ಆಯ್ತು."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಅಣ್ಣನಿಗೆ ನಾನು ಇಲ್ಲ ಅಂತೀನಿ ಅಂತ ಭಯ. ನಿಮಗೆ ಹೂಂ ಅಂತೀನಿ ಅಂತ ಭಯ. ನನ್ನ ತಲೆ ಅಂದ್ರೆ ಇಬ್ಬರಿಗೂ ಖಾಲಿ ಹಾಳೆನಾ? ಯಾರು ಏನು ಗೀಚಿದ್ರೂ ಅಚ್ಚಾಗ್ಬಿಡುತ್ತಾ?"

ಅವನ ಮುಖ ಕೆಂಪಾಯಿತು. ಜೇಬಿನಿಂದ ಫಾರಂ ತೆಗೆದು ಎರಡೂ ಕೈಯಲ್ಲಿ ಕೊಟ್ಟ. "ತಪ್ಪಾಯ್ತು."

ಅವಳು ಕೂತು ಓದಿದಳು. ಅವನು ನಿಂತೇ ಇದ್ದ. ಅವಳು ಹೋಗಿ ಎಂದೂ ಅನ್ನಲಿಲ್ಲ, ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ಇ-ರೀಡರ್ ಪಕ್ಕದಲ್ಲಿ ಕಪ್ಪಗೆ ಬಿದ್ದಿತ್ತು. ಇಂದು ಹೆಬ್ಬೆರಳು ಅದನ್ನು ಮುಟ್ಟಲಿಲ್ಲ.

ದೋಣಿಯವಳು ದೋಣಿ ಮಾರಿದಳು. ಅವರು ಹೇಳಿದವನನ್ನೇ ಮದುವೆಯಾದಳು. ಇಷ್ಟೇ!

ಅಣ್ಣ ಓದದೆಯೇ ಅಳಿಸಿದ್ದ. ಅವನ ಪರವಾಗಿಯೇ ಮುಗಿಯುವ ಪುಸ್ತಕವನ್ನು ಅಳಿಸಿದ್ದ. ಹೆದರಿದವರಿಗೆ ಕೊನೆಯ ಪುಟದವರೆಗೆ ತಾಳ್ಮೆ ಎಲ್ಲಿರುತ್ತದೆ?

"ಮಾರಿಬಿಟ್ಳು," ಅಂದಳು, ಕಣ್ಣೊರೆಸಿಕೊಂಡು.

"ಹೂಂ."

"ಮೊದಲು ಅವಳ ಮೇಲೆ ಸಿಟ್ಟು ಬಂತು. ಆಮೇಲೆ ಪಾಪ ಅನ್ನಿಸ್ತು. ನನ್ನ ವಿಷಯದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ನನ್ನದು ಆಗಲೇ ತೀರ್ಮಾನ ಆಗಿದೆ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಒಂದು ಮಾತು ಬಾಕಿ ಇದೆ. ನಾಳೆಯಿಂದ ಈ ಬೆಂಚಿಗೆ ನೀವು ಬರಲ್ಲ ಅಂತ ನೆನೆಸ್ಕೊಂಡ್ರೆ ತಡ್ಕೊಳ್ಳೋಕಾಗ್ತಿಲ್ಲ. ಅದನ್ನ ನೆಟ್ಟಗೆ ಹೇಳೋ ಧೈರ್ಯ ಇಲ್ದೆ ಸುಳ್ಳು ಹೇಳ್ದೆ."

"ನನಗೂ ಆಗ್ತಿಲ್ಲ." "ನನಗೋಸ್ಕರ ಹೆದರಿ, ಪರವಾಗಿಲ್ಲ. ನನ್ನ ಬದಲು ತೀರ್ಮಾನ ಮಾತ್ರ ಮಾಡಬೇಡಿ. ಇನ್ಯಾವತ್ತೂ."

"ಮಾಡಲ್ಲ."

"ಹಾಗಾದ್ರೆ ಕೂತ್ಕೊಳ್ಳಿ."

ಅವನು ಕೂತ. ಅವಳು ಅವನ ನೋವಿನ ಮಣಿಕಟ್ಟಿನ ಮೇಲೆ ಮೆಲ್ಲನೆ ಕೈಯಿಟ್ಟಳು. ಅದು ಬಿಸಿಯಾಗಿತ್ತು. ಅವಳ ಕೈ ತಣ್ಣಗಿತ್ತು.

ಹಾರ್ನ್ ಕೇಳಿಸಿತು. ಮತ್ತೊಮ್ಮೆ. ಆಮೇಲೆ ಜಲ್ಲಿಯ ಮೇಲೆ ಅಣ್ಣನ ಹೆಜ್ಜೆ. ಅವಳ ಕಣ್ಣ ಮುಂದೆ ಹಳೆಯ ಭಯ ಎದ್ದು ನಿಂತಿತು. ಹಿಂದಿನ ಕೋಣೆ, ಅದರ ಮಂಚ, ಅದರ ಬೀಗ. ಕೈ ಮಾತ್ರ ಇದ್ದಲ್ಲೇ ಇತ್ತು.

ಅಣ್ಣ ಬೈಂಡರನ ಕಡೆ ನೋಡಲೇ ಇಲ್ಲ. "ಓದಿದ್ದಾಯ್ತಾ? ಏನಾದ್ಲಂತೆ ನಿನ್ನ ದೋಣಿಯವಳು?"

"ದೋಣಿ ಮಾರಿ, ಮನೆಯವರು ಹೇಳಿದವನನ್ನೇ ಮದುವೆ ಆದ್ಲು ಅಣ್ಣ."

ಅಣ್ಣ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಅವನ ಮುಖ ಅರಳಿತು. "ನೋಡಿದ್ಯಾ? ಕಥೆ ಬರೆದವರಿಗೂ ಬುದ್ಧಿ ಇದೆ. ಏಳು, ನನ್ನ ಪಾಲುದಾರನಿಗೆ ಫೋನ್ ಮಾಡಿ ನಿನ್ನ ಬಾಯಿಂದಲೇ ಹೂಂ ಅನ್ನು. ಆಮೇಲೆ ಹೊರಡೋಣ."

ಫೋನನ್ನು ಅವಳ ಮುಂದೆ ಹಿಡಿದ. ದೂರದಲ್ಲಿ ಅತ್ತಿಗೆ ಕಾರಿನಿಂದ ಪುಟ್ಟಿಯ ಚೀಲವೊಂದನ್ನೇ ಇಳಿಸಿ ಮೆಟ್ಟಿಲ ಮೇಲಿಟ್ಟು, ನೀನು ಇಲ್ಲೇ ಉಳಿ ಎಂಬಂತೆ ಅವಳನ್ನೇ ನೋಡುತ್ತಿದ್ದಳು.

"ಇಲ್ಲ ಅಂದ್ರೆ ಮನೆ ಬಾಗಿಲಿಗೆ ಬರಬೇಡ," ಅಂದ ಅಣ್ಣ. "ಮಾಡು ಫೋನು."

ಅವಳು ಫೋನನ್ನು ನೋಡಿದಳು. ಅಣ್ಣನನ್ನು ನೋಡಿದಳು.

"ಅವಳ ಕಥೆ ಅವಳದು, ಅಣ್ಣ. ನಾನು ಫೋನ್ ಮಾಡಲ್ಲ."